ಗೋಡೆಯಿಂದ ಹರಾಜಿನ ಕಟ್ಟೆಗೆ: ಬೀದಿ ಕಲೆಯ ವ್ಯಾಪಾರಿ ಮಾರುವುದೇನನ್ನು?

2013ರ ಅಕ್ಟೋಬರ್ ತಿಂಗಳ ಒಂದು ಶನಿವಾರ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಬದಿಯ ಕಾಲುದಾರಿಯಲ್ಲಿ ವಯಸ್ಸಾದವರೊಬ್ಬರು ಚಿತ್ರಗಳ ಅಂಗಡಿ ಹರಡಿಕೊಂಡು ಕೂತಿದ್ದರು. ಸಣ್ಣ ಸಣ್ಣ ಕ್ಯಾನ್ವಾಸ್‌ಗಳು, ಒಂದಕ್ಕೆ 60 ಡಾಲರ್. ಜನ ನೋಡಿಯೂ ನೋಡದಂತೆ ದಾಟಿ ಹೋದರು. ಅಂಗಡಿಯವರು ಆಕಳಿಸಿದರು, ಊಟ ಮುಗಿಸಿದರು, ಮತ್ತೆ ಆಕಳಿಸಿದರು. ಬೋಣಿಯಾಗುವಾಗ ಮಧ್ಯಾಹ್ನ ಮೂರೂವರೆ. ಮಕ್ಕಳ ಕೋಣೆಗೆಂದು ಎರಡು ಚಿತ್ರ ಆರಿಸಿದ ಹೆಂಗಸೊಬ್ಬರು ಗಾಂಧಿಬಜಾರಿನಲ್ಲಿ ಹೂವು ಕೊಳ್ಳುವವರನ್ನೂ ಮೀರಿಸುವಂತೆ ಚೌಕಾಸಿ ಮಾಡಿ, ಅರ್ಧ ಬೆಲೆಗೆ ಇಳಿಸಿಯೇ ದುಡ್ಡು ತೆಗೆದರು. ಸಂಜೆ ಅಂಗಡಿ ಮುಚ್ಚುವಾಗ ಬಿಕರಿಯಾದದ್ದು ಎಂಟು ಚಿತ್ರ, ಕೈಗೆ ಬಂದದ್ದು 420 ಡಾಲರ್.

ಮರುದಿನ, ಗೋಡೆಗಳ ಮೇಲೆ ಗುಟ್ಟಾಗಿ ಚಿತ್ರ ಬರೆದು ಹೆಸರಾದ, ಮುಖ ತೋರಿಸದ ಬ್ರಿಟಿಷ್ ಕಲಾವಿದ ಬ್ಯಾಂಕ್ಸಿ ಇದರ ವಿಡಿಯೊವನ್ನು ತಮ್ಮ ಜಾಲತಾಣದಲ್ಲಿ ಹಾಕಿದರು. ಅವು ನಕಲಿಯಲ್ಲ, ತಾವೇ ಸಹಿ ಹಾಕಿದ ಅಸಲಿ ಕೃತಿಗಳು ಎಂದು ತಿಳಿಸಿದರು. ಅಂದು 60 ಡಾಲರಿನಂತೆ ಎರಡು ಚಿತ್ರ ಕೊಂಡು ಊರಿಗೆ ಒಯ್ದಿದ್ದ ನ್ಯೂಜಿಲೆಂಡಿನ ಪ್ರವಾಸಿಯ ಆ ಜೋಡಿ ಮರುವರ್ಷ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಸುಮಾರು ಒಂದೂಕಾಲು ಲಕ್ಷ ಪೌಂಡಿಗೆ ಹೋಯಿತು.

ಈ ಪ್ರಸಂಗವನ್ನು ಎಲ್ಲರೂ ಶ್ರೀಮಂತರ ಮೂರ್ಖತನದ ಕಥೆಯಾಗಿ ಹೇಳಿ ನಗುತ್ತಾರೆ. ನನಗೆ ಇದು ಬೇರೊಂದು ಕಾರಣಕ್ಕೆ ಮುಖ್ಯ. ಶನಿವಾರಕ್ಕೂ ಹರಾಜಿಗೂ ನಡುವೆ ಚಿತ್ರದ ಬಣ್ಣ ಬದಲಾಗಿರಲಿಲ್ಲ, ಗೆರೆ ಬದಲಾಗಿರಲಿಲ್ಲ. ಕೊಳ್ಳುವವನಿಗೆ 'ಇದು ಅವರದ್ದೇ' ಎಂಬ ಭರವಸೆ ಸಿಕ್ಕಿತ್ತು, ಅಷ್ಟೆ. ಬೀದಿ ಕಲೆಯ ವ್ಯಾಪಾರಿಯ ಇಡೀ ವೃತ್ತಿ ನಿಂತಿರುವುದು ಆ ಭರವಸೆಯ ಮೇಲೆ. ಅವನು ಮಾರುವ ಸರಕು ಚಿತ್ರವಲ್ಲ, ನಂಬಿಕೆ. ಆ ನಂಬಿಕೆಯನ್ನು ಕಟ್ಟಲು ಎರಡು ದಾರಿಗಳಿವೆ. ಒಂದರಲ್ಲಿ ಕಲಾವಿದ ಜೊತೆಗಿರುತ್ತಾನೆ. ಇನ್ನೊಂದರಲ್ಲಿ ಕಲಾವಿದನ ಬದಲು ಗೋಡೆ ಕೊಯ್ಯುವ ಯಂತ್ರ ಇರುತ್ತದೆ.

ಮೊದಲ ದಾರಿಯ ದೊಡ್ಡ ಹೆಸರು ಸ್ಟೀವ್ ಲಾಝಾರಿಡಿಸ್. 1969ರಲ್ಲಿ ಬ್ರಿಸ್ಟಲ್ ನಗರದಲ್ಲಿ ಹುಟ್ಟಿ, ಛಾಯಾಗ್ರಹಣ ಕಲಿತು, 'ಸ್ಲೀಝ್‌ನೇಷನ್' ಎಂಬ ಪತ್ರಿಕೆಯಲ್ಲಿ ಚಿತ್ರಗಳ ಹೊಣೆ ಹೊತ್ತಿದ್ದವರು. 1997ರಲ್ಲಿ ಆ ಪತ್ರಿಕೆಗಾಗಿಯೇ, ಆಗಿನ್ನೂ ಊರಿನಾಚೆ ಹೆಸರಿಲ್ಲದ ಬ್ಯಾಂಕ್ಸಿಯ ಫೋಟೊ ತೆಗೆಯಲು ಹೋದರು. ಆ ಭೇಟಿ ಹನ್ನೊಂದು ವರ್ಷಗಳ ಸಹವಾಸವಾಯಿತು. ಮೊದಲು ಫೋಟೊಗ್ರಾಫರ್, ಆಮೇಲೆ ರಾತ್ರಿಯ ಕೆಲಸಕ್ಕೆ ಕಾರು ಓಡಿಸುವವರು, ಆಮೇಲೆ ಏಜೆಂಟ್. ಕಲಾಶಾಲೆಯ ಇತಿಹಾಸವನ್ನೋ ಹಳೆಯ ಗ್ಯಾಲರಿಗಳ ಶಿಷ್ಯವೃತ್ತಿಯನ್ನೋ ದಾಟಿ ಬಂದವರಲ್ಲ. ಕಾರಿನ ಡಿಕ್ಕಿಯಲ್ಲಿ ಪ್ರಿಂಟುಗಳನ್ನು ಇಟ್ಟುಕೊಂಡು ಮಾರಿದವರು.

ಈ ವೃತ್ತಿಚರಿತ್ರೆಯಲ್ಲಿ ಫೋಟೊಗ್ರಾಫರ್ ಎಂಬ ಮೊದಲ ಮೆಟ್ಟಿಲನ್ನು ಬಹಳ ಜನ ಗಮನಿಸುವುದಿಲ್ಲ. ಬೀದಿಯ ಚಿತ್ರದ ಆಯುಸ್ಸು ಕಡಿಮೆ. ಪುರಸಭೆಯವರು ಸುಣ್ಣ ಬಳಿಯಬಹುದು, ಎದುರಾಳಿ ಗುಂಪಿನವನು ಮೇಲೆ ಗೀಚಬಹುದು, ಮಳೆಯೇ ತೊಳೆಯಬಹುದು. ಕಟ್ಟಕಡೆಗೆ ಉಳಿಯುವುದು ಫೋಟೊ ಒಂದೇ. ಯಾವ ಗೋಡೆ, ಯಾವ ರಾತ್ರಿ, ಯಾವ ಸ್ಟೆನ್ಸಿಲ್ (ಬಣ್ಣ ಸಿಂಪಡಿಸಲು ಕತ್ತರಿಸಿದ ಅಚ್ಚು) ಎಂಬ ಲೆಕ್ಕವೆಲ್ಲ ಕ್ಯಾಮೆರಾ ಹಿಡಿದವನ ಬಳಿ. ಹಳೆಯ ಕಾಲದ ವರ್ತಕನ ಖಾತೆಪುಸ್ತಕ ಇದ್ದಂತೆ. ಮುಂದೆ 'ಇದು ಅವರದ್ದೇ' ಎಂದು ಹೇಳುವ ಅಧಿಕಾರ ಬಂದದ್ದು ಅಲ್ಲಿಂದ.

ಮಾರಿದ್ದಾದರೂ ಏನನ್ನು? ಗೋಡೆಯನ್ನಲ್ಲ. 2002ರಲ್ಲಿ ಬಂದ 'ರೂಡ್ ಕಾಪರ್' ಎಂಬ 250 ಪ್ರತಿಗಳ ಪ್ರಿಂಟ್ ಮೊದಲನೆಯದು. ಅದರ ಬೆನ್ನಿಗೆ 'ಪಿಕ್ಚರ್ಸ್ ಆನ್ ವಾಲ್ಸ್' ಎಂಬ ಪ್ರಿಂಟ್ ಸಂಸ್ಥೆ ಹುಟ್ಟಿತು. ಬಲೂನಿನತ್ತ ಕೈಚಾಚಿದ ಹುಡುಗಿಯ ಆ ಪ್ರಸಿದ್ಧ ಚಿತ್ರ 2004ರಲ್ಲಿ ಪ್ರಿಂಟಾಗಿ ಬಂದಾಗ ಸಹಿಯಿಲ್ಲದ 600 ಪ್ರತಿಗಳು, ಸಹಿಯಿರುವ 150. ಬೆಲೆ ನೂರು ಪೌಂಡಿನ ಆಸುಪಾಸು. ಗೋಡೆ ಎಲ್ಲರದ್ದಾಗಿ ಪುಕ್ಕಟೆ ಉಳಿಯಬೇಕು, ಮನೆಗೆ ಬೇಕಾದವರು ಕಾಗದದ ಪ್ರತಿ ಅಗ್ಗದಲ್ಲಿ ಒಯ್ಯಬೇಕು ಎಂಬುದು ಲೆಕ್ಕಾಚಾರ. ಆದರ್ಶವಾಗಿಯೂ ಒಳ್ಳೆಯದು, ವ್ಯಾಪಾರವಾಗಿ ಅದಕ್ಕಿಂತ ಒಳ್ಳೆಯದು. ಬೀದಿಯ ಗೋಡೆಯೇ ಜಾಹೀರಾತು. ಅದಕ್ಕೆ ಬಾಡಿಗೆಯೂ ಇಲ್ಲ. ಪ್ರತಿಗಳ ಸಂಖ್ಯೆಗೆ ಮಿತಿ ಹಾಕಿದ್ದರಿಂದ ಕೊರತೆ ತಾನಾಗಿ ಹುಟ್ಟಿತು. ಸರತಿಯಲ್ಲಿ ನಿಂತು ಕೊಂಡವರಲ್ಲಿ ಹಲವರು ಮನೆಗೆ ಹೋಗುವ ಮುನ್ನವೇ ಅಂತರಜಾಲದಲ್ಲಿ ಮಾರಾಟಕ್ಕೆ ಇಟ್ಟರು. 2020–21ರ ಏರುಕಾಲದಲ್ಲಿ ಆ ಹುಡುಗಿಯ ಸಹಿಯುಳ್ಳ ಪ್ರತಿಗಳು ಲಕ್ಷಗಟ್ಟಲೆ ಪೌಂಡಿಗೆ ಕೈ ಬದಲಾಯಿಸಿದವು. ಪ್ರಿಂಟ್ ಸಂಸ್ಥೆ 2017ರ ಕೊನೆಗೆ ಬಾಗಿಲು ಹಾಕಿತು. ಹಾಕುವಾಗ, ದುರದೃಷ್ಟವಶಾತ್ ನಮ್ಮ ಕಲಾವಿದರು ಯಶಸ್ವಿಯಾಗಿಬಿಟ್ಟರು ಎಂಬ ಅರ್ಥದ ಒಂದು ವಿದಾಯಪತ್ರ ಬರೆದಿತ್ತು. ಅದರಲ್ಲಿ ಹಾಸ್ಯ ಎಷ್ಟು, ನಿಟ್ಟುಸಿರು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಲಾಝಾರಿಡಿಸ್ ಅವರ ಎರಡನೆಯ ಕೌಶಲ ಜಾತ್ರೆ ಕಟ್ಟುವುದು. ಹಳೆಯ ಗ್ಯಾಲರಿಯ ಬಿಳಿ ಗೋಡೆ, ಪಿಸುಮಾತು, ವೈನ್ ಲೋಟ ಇವುಗಳನ್ನೆಲ್ಲ ಬಿಟ್ಟು ಪಾಳುಬಿದ್ದ ಗೋದಾಮುಗಳನ್ನು ಹಿಡಿದರು. 2006ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸಿನ ಗೋದಾಮೊಂದರಲ್ಲಿ ನಡೆದ ಮೂರು ದಿನಗಳ ಬ್ಯಾಂಕ್ಸಿ ಪ್ರದರ್ಶನದಲ್ಲಿ, ಗೋಡೆಗೆ ಅಂಟಿಸಿದ ಕಾಗದದ ವಿನ್ಯಾಸವನ್ನೇ ಮೈತುಂಬ ಬಳಿಸಿಕೊಂಡ ಜೀವಂತ ಆನೆ ನಿಂತಿತ್ತು. ಕಣ್ಣೆದುರಿನ ಆನೆಯನ್ನೂ ಜನ ಹೇಗೆ ಕಾಣದಂತೆ ಇರುತ್ತಾರೆ ಎಂಬ ವ್ಯಂಗ್ಯ. ಪ್ರಾಣಿದಯಾ ಇಲಾಖೆ ಆಕ್ಷೇಪಿಸಿದ ಮೇಲೆ ಕೊನೆಯ ದಿನ ಆನೆ ತನ್ನ ಸ್ವಂತ ಬಣ್ಣದಲ್ಲೇ ನಿಂತಿತು. ದಸರೆಯಲ್ಲಿ ಆನೆಯ ಸೊಂಡಿಲಿಗೆ ಬಣ್ಣ ಹಚ್ಚುವುದನ್ನು ಕಂಡು ಬೆಳೆದ ನಮಗೆ ಅಲ್ಲಿನ ಗದ್ದಲ ಸ್ವಲ್ಪ ವಿಚಿತ್ರವೆನಿಸಬಹುದು. ಆನೆಯನ್ನು ಕೇಳಿದರೆ ಎರಡೂ ಕಡೆ ಒಂದೇ ಉತ್ತರ ಕೊಡುತ್ತಿತ್ತೇನೋ. ವ್ಯಾಪಾರದ ಮಟ್ಟಿಗೆ ಹೇಳುವುದಾದರೆ ಹಾಲಿವುಡ್ಡಿನ ತಾರೆಯರು ಬಂದರು, ಕೊಂಡರು. ಐದು ತಿಂಗಳೊಳಗೆ, 2007ರ ಫೆಬ್ರುವರಿಯಲ್ಲಿ, ಸೋಥೆಬಿಸ್ ಹರಾಜಿನಲ್ಲಿ ಬ್ಯಾಂಕ್ಸಿಯ ಒಂದು ಕೃತಿ ಮೊದಲ ಬಾರಿಗೆ ಲಕ್ಷ ಪೌಂಡಿನ ಗೆರೆ ದಾಟಿತು. ಇಂಥ ಕಸವನ್ನೂ ಕೊಳ್ಳುತ್ತೀರಲ್ಲ ಎಂದು ಹರಾಜಿಗೆ ಬಂದವರನ್ನೇ ಬೈಯುವ ಒಂದು ಪ್ರಿಂಟನ್ನೂ ಬ್ಯಾಂಕ್ಸಿ ಮಾಡಿದ್ದಾರೆ. ಅದೂ ಹರಾಜಿನಲ್ಲಿ ಒಳ್ಳೆಯ ಬೆಲೆಗೇ ಹೋಗುತ್ತದೆ.

2008ರಲ್ಲಿ ಇಬ್ಬರ ದಾರಿಗಳು ಬೇರೆಯಾದವು. ಅದೇ ವರ್ಷ ಬ್ಯಾಂಕ್ಸಿಯ ಕಡೆಯಿಂದ 'ಪೆಸ್ಟ್ ಕಂಟ್ರೋಲ್' ಎಂಬ ಕಚೇರಿ ಶುರುವಾಯಿತು. ಕೃತಿ ಅಸಲಿಯೇ ಎಂದು ಪ್ರಮಾಣಪತ್ರ ಕೊಡುವ ಅಧಿಕಾರ ಇದೊಂದರದ್ದೇ. ಒಬ್ಬ ಮನುಷ್ಯನ ನೆನಪಿನಲ್ಲಿದ್ದ ನಂಬಿಕೆ ಕಾಗದಕ್ಕೆ ಇಳಿಯಿತು. ಆ ಕಾಗದವೂ ನೋಡತಕ್ಕದ್ದು. ಬ್ಯಾಂಕ್ಸಿ 2004ರಲ್ಲಿ ರಾಣಿಯ ಜಾಗದಲ್ಲಿ ಡಯಾನಾ ಮುಖ ಹಾಕಿ ಹತ್ತು ಪೌಂಡಿನ ಹುಸಿ ನೋಟುಗಳನ್ನು ಅಚ್ಚು ಹಾಕಿಸಿದ್ದರು. ಅಂಥದೊಂದು ನೋಟನ್ನು ಅಡ್ಡಾದಿಡ್ಡಿ ಹರಿದು ಅರ್ಧವನ್ನು ಪ್ರಮಾಣಪತ್ರಕ್ಕೆ ಪಿನ್ ಹೊಡೆಯುತ್ತಾರೆ. ಉಳಿದರ್ಧ ಕಚೇರಿಯಲ್ಲಿ. ಹರಿದ ಅಂಚುಗಳು ಕೂಡಿದರೆ ಅಸಲಿ. ಕೋಟಿ ರೂಪಾಯಿಗಳ ವ್ಯವಹಾರ ಒಂದು ಖೋಟಾ ನೋಟಿನ ಚೂರಿನ ಮೇಲೆ ನಿಂತಿದೆ.

ಈ ಕಚೇರಿಯ ಕಟ್ಟುನಿಟ್ಟಿನ ನಿಯಮ ಒಂದಿದೆ: ಬೀದಿಯಲ್ಲಿ ಬರೆದ ಚಿತ್ರಕ್ಕೆ ಪ್ರಮಾಣಪತ್ರ ಇಲ್ಲ. ಬರೆದದ್ದು ಬ್ಯಾಂಕ್ಸಿಯೇ ಎಂದು ಲೋಕಕ್ಕೆಲ್ಲ ಗೊತ್ತಿದ್ದರೂ, ಅವರೇ ಇನ್‌ಸ್ಟಾಗ್ರಾಂನಲ್ಲಿ ಒಪ್ಪಿಕೊಂಡಿದ್ದರೂ ಇಲ್ಲ. ಗೋಡೆ ಇದ್ದಲ್ಲೇ ಇರಬೇಕೆಂಬುದು ಅದರ ನಿಲುವು. ಪತ್ರವಿಲ್ಲದೆ ದೊಡ್ಡ ಹರಾಜು ಮನೆಗಳು ಮುಟ್ಟುವುದಿಲ್ಲ. 2008ರ ಸೆಪ್ಟೆಂಬರಿನಲ್ಲಿ ಲಯನ್ ಅಂಡ್ ಟರ್ನ್‌ಬುಲ್ ಹರಾಜು ಸಂಸ್ಥೆ ಬೀದಿಯಿಂದ ಬಂದ ಬ್ಯಾಂಕ್ಸಿಗಳನ್ನು ಮಾರಲು ಹೋಗಿ ಬರಿಗೈಯಲ್ಲಿ ಮರಳಿತು.

ಇಲ್ಲಿಂದ ಎರಡನೆಯ ದಾರಿಯ ವ್ಯಾಪಾರಿಗಳು ಬರುತ್ತಾರೆ. ಪತ್ರ ಇಲ್ಲದಿದ್ದರೇನು, ಗೋಡೆಯೇ ಸಾಕ್ಷಿ ಎನ್ನುವವರು. ಅಮೆರಿಕದ ಸ್ಟೀಫನ್ ಕೆಸ್ಲರ್ ಮತ್ತು ಲಂಡನ್ನಿನ ರಾಬಿನ್ ಬಾರ್ಟನ್ 2011ರಲ್ಲಿ ಪ್ಯಾಲೆಸ್ಟೀನಿನ ಬೆತ್ಲೆಹೇಮಿನ ಗೋಡೆಗಳಿಂದ ಕೊಯ್ದು ತಂದ ಬ್ಯಾಂಕ್ಸಿಗಳನ್ನು ನ್ಯೂಯಾರ್ಕಿನ ಸಿರಿವಂತರು ಬೇಸಿಗೆ ಕಳೆಯುವ ಹ್ಯಾಂಪ್ಟನ್ಸ್‌ನಲ್ಲಿ ಪ್ರದರ್ಶನಕ್ಕೆ ಇಟ್ಟರು. ಒಬ್ಬ ಪುಟ್ಟ ಹುಡುಗಿ ಬಂದೂಕಿನ ಸೈನಿಕನನ್ನು ಗೋಡೆಗೆ ನಿಲ್ಲಿಸಿ ತಪಾಸಣೆ ಮಾಡುತ್ತಿರುವ ಚಿತ್ರ ಅವುಗಳಲ್ಲಿ ಒಂದು. ಆಕ್ರಮಿತ ಊರಿನಲ್ಲಿ, ದಿನವೂ ತಪಾಸಣೆಗೆ ನಿಲ್ಲುವವರ ಕಣ್ಣೆದುರು ಅದು ಚಿತ್ರ. ಈಜುಕೊಳದ ಊರಿನಲ್ಲಿ ಅದು ಭಾರವಾದ ಗಾರೆಯ ತುಂಡು.

ಕೊಯ್ಯುವುದು ಸುಲಭದ ಕೆಲಸವೇನೂ ಅಲ್ಲ. ವೇಲ್ಸ್‌ನ ಪೋರ್ಟ್ ಟಾಲ್ಬಟ್ ಎಂಬ ಉಕ್ಕಿನ ಊರಿನ ಕಥೆ ನೋಡಿ. 2018ರ ಡಿಸೆಂಬರಿನಲ್ಲಿ ಒಬ್ಬ ಕಾರ್ಮಿಕನ ಕಾರು ಷೆಡ್ಡಿನ ಮೂಲೆಗೋಡೆಯ ಮೇಲೆ ಚಿತ್ರ ಮೂಡಿತು. ಒಂದು ಬದಿಯಿಂದ ನೋಡಿದರೆ ನಾಲಿಗೆ ಚಾಚಿ ಹಿಮದ ಹೂವು ಹಿಡಿಯುತ್ತಿರುವ ಮಗು. ಮೂಲೆ ತಿರುಗಿದರೆ ಅದು ಹಿಮವಲ್ಲ, ಉರಿಯುವ ಕಸದ ತೊಟ್ಟಿಯ ಬೂದಿ. ಕಾರ್ಖಾನೆಯ ಕರಿಧೂಳನ್ನು ದಿನವೂ ಕಿಟಕಿಯಿಂದ ಒರೆಸುವ ಊರಿಗೆ ಇದಕ್ಕಿಂತ ನೇರವಾಗಿ ಮಾತಾಡಲು ಸಾಧ್ಯವಿಲ್ಲ. ನೋಡಲು ಸಾವಿರಾರು ಜನ ಬಂದರು. ಬೇಲಿ ಹಾಕಬೇಕಾಯಿತು, ಕಾವಲು ನಿಲ್ಲಿಸಬೇಕಾಯಿತು. ಕಾವಲಿನ ಖರ್ಚಿಗೆ ಅದೇ ಊರಿನ ನಟ ಮೈಕಲ್ ಶೀನ್ ನೆರವಾದರು. ಷೆಡ್ಡಿನ ಮಾಲೀಕನಿಗೆ ಇದು ಭಾಗ್ಯವೋ ಪೀಡೆಯೋ ತಿಳಿಯದಾಯಿತು. ಹೊಸ ವರ್ಷ ಬರುತ್ತಲೇ ಎಸೆಕ್ಸ್‌ನ ವ್ಯಾಪಾರಿ ಜಾನ್ ಬ್ರ್ಯಾಂಡ್ಲರ್ ಲಕ್ಷ ಪೌಂಡಿಗೂ ಮಿಕ್ಕಿ ಕೊಟ್ಟು ಕೊಂಡರು. ಕೆಲವು ವರ್ಷ ಊರಲ್ಲೇ ಇಡುತ್ತೇನೆಂದು ಒಪ್ಪಿಕೊಂಡರು. ಸುಮಾರು ನಾಲ್ಕೂವರೆ ಟನ್ ತೂಕದ ಮೂಲೆಯನ್ನು ಹಾಗೆಯೇ ಕೊಯ್ದು, ಕ್ರೇನಿನಲ್ಲಿ ಎತ್ತಿ, ಹಳೆಯ ಪೊಲೀಸ್ ಠಾಣೆಯ ಕಟ್ಟಡಕ್ಕೆ ಸಾಗಿಸಿದರು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದಂತೆ. ಇಲ್ಲಿ ಬಣ್ಣದ ಜೊತೆ ಇಟ್ಟಿಗೆ ಹೋಯಿತು. ಆಮೇಲೆ ಬಾಡಿಗೆ, ವಿಮೆ, ಕಾವಲು ಯಾರ ತಲೆಗೆ ಎಂಬ ಮಾತುಕತೆ ಮುರಿದು, 2022ರ ಫೆಬ್ರುವರಿಯಲ್ಲಿ ಚಿತ್ರ ಊರು ಬಿಟ್ಟಿತು.

ಬ್ರ್ಯಾಂಡ್ಲರ್ ಅವರಂಥವರನ್ನು ಖಳನಾಯಕರೆಂದು ಕರೆಯುವುದು ಸುಲಭ. ನಾನು ಅಷ್ಟು ಬೇಗ ಕರೆಯಲಾರೆ. ಷೆಡ್ಡಿನ ಮೇಲೆ ಬಿಟ್ಟಿದ್ದರೆ ಮೊದಲ ವರ್ಷವೇ ಯಾರಾದರೂ ಬಣ್ಣ ಎರಚುತ್ತಿದ್ದರು. ಲಂಡನ್ನಿನಲ್ಲಿ ಆಗಿದ್ದನ್ನು ನೋಡಿದ್ದೇವೆ. 2023ರ ಡಿಸೆಂಬರಿನಲ್ಲಿ ಪೆಕ್ಹಮ್‌ನ ರಸ್ತೆಯ 'ಸ್ಟಾಪ್' ಫಲಕದ ಮೇಲೆ ಮೂರು ಡ್ರೋನ್‌ಗಳ ಚಿತ್ರ ಬಂದ ಸ್ವಲ್ಪ ಹೊತ್ತಿಗೇ, ಹಾಡಹಗಲು, ಬಾಡಿಗೆ ಸೈಕಲ್ ಮೇಲೆ ಹತ್ತಿ ನಿಂತವನೊಬ್ಬ ಕತ್ತರಿ ಹಾಕಿ ಫಲಕವನ್ನೇ ಕಿತ್ತುಕೊಂಡು ಓಡಿದ. ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರೀಕರಿಸಿದರು. 2024ರ ಆಗಸ್ಟಿನಲ್ಲಿ ಅದೇ ಬಡಾವಣೆಯ ಚಾವಣಿಯ ಡಿಶ್ ಆಂಟೆನಾ ಮೇಲೆ ಊಳಿಡುವ ತೋಳ ಕಾಣಿಸಿಕೊಂಡಿತು. ಮುಸುಕುಧಾರಿಗಳು ಏಣಿ ಹಾಕಿ ಅದನ್ನೂ ಒಯ್ದರು. ದುಡ್ಡು ಕೊಟ್ಟು ಕೊಯ್ಯುವವನು ಕನಿಷ್ಠ ರಸೀದಿ ಕೊಡುತ್ತಾನೆ. ಆದರೆ ಇಬ್ಬರನ್ನೂ ಗೋಡೆಯ ಬಳಿಗೆ ಕರೆತರುವುದು ಒಂದೇ ಮಾರುಕಟ್ಟೆ ಎಂಬುದನ್ನು ಮರೆಯಬಾರದು.

ಹಾಗಾದರೆ ಗೋಡೆ ಯಾರದ್ದು? ಈ ಪ್ರಶ್ನೆಗೆ ಇಂಗ್ಲೆಂಡಿನ ನ್ಯಾಯಾಲಯ 2015ರಲ್ಲಿ ಸ್ಪಷ್ಟ ಉತ್ತರ ಕೊಟ್ಟಿದೆ. ಫೋಕ್‌ಸ್ಟನ್ ಎಂಬ ಕಡಲೂರಿನಲ್ಲಿ ಆಟಯಂತ್ರಗಳ ಅಂಗಡಿಯೊಂದರ ಗೋಡೆಯ ಮೇಲೆ 2014ರಲ್ಲಿ ಬ್ಯಾಂಕ್ಸಿ ಚಿತ್ರ ಬಂತು: ಖಾಲಿ ಪೀಠವನ್ನು ತದೇಕಚಿತ್ತದಿಂದ ನೋಡುತ್ತಿರುವ ಮಹಿಳೆ. ಅಂಗಡಿ ನಡೆಸುತ್ತಿದ್ದ ಬಾಡಿಗೆದಾರರು ಗೋಡೆ ಕೊಯ್ದು ಮಾರಾಟಕ್ಕೆ ಅಮೆರಿಕಕ್ಕೆ ಕಳಿಸಿಯೇಬಿಟ್ಟರು. ಅವರ ವಾದ ಜಾಣತನದ್ದು: ಕಟ್ಟಡವನ್ನು ಸುಸ್ಥಿತಿಯಲ್ಲಿ ಇಡಬೇಕೆಂದು ಕರಾರಿನಲ್ಲಿದೆ, ಗೋಡೆಯ ಮೇಲೆ ಯಾರೋ ಗೀಚಿದ್ದರು, ಅದನ್ನು ತೆಗೆದು ದುರಸ್ತಿ ಮಾಡಿದ್ದೇವೆ. ನ್ಯಾಯಾಧೀಶರು ಒಪ್ಪಲಿಲ್ಲ. ಗೀಚಿದ್ದನ್ನು ಅಳಿಸಬಹುದಿತ್ತು, ಮೇಲೆ ಬಣ್ಣ ಬಳಿಯಬಹುದಿತ್ತು, ಗೋಡೆಯನ್ನೇ ಕೊಯ್ಯುವುದು ದುರಸ್ತಿಯಲ್ಲ. ಒಂದು ವೇಳೆ ಕೊಯ್ಯಲೇಬೇಕಾಗಿದ್ದರೂ ಬೇರ್ಪಟ್ಟ ತುಂಡು ಬೆಲೆಬಾಳುವಂಥದ್ದಾದರೆ ಅದು ಕಟ್ಟಡದ ಒಡೆಯನಿಗೆ ಸೇರಿದ್ದು. ಒಡೆಯರು ಆಗಲೇ ತಮ್ಮ ಹಕ್ಕನ್ನು ಊರಿನ ಕಲಾಸಂಸ್ಥೆಗೆ ಬಿಟ್ಟುಕೊಟ್ಟಿದ್ದರಿಂದ ಚಿತ್ರ ಫೋಕ್‌ಸ್ಟನ್‌ಗೆ ಮರಳಿತು.

ತೀರ್ಪು ನ್ಯಾಯವಾದದ್ದೇ. ಆದರೆ ಅದರಲ್ಲಿ ಊರಿನ ಜನರ ಹಕ್ಕಿನ ಮಾತಿಲ್ಲ. ಗೆದ್ದದ್ದು ಗೋಡೆಯ ಒಡೆತನ. ಒಡೆಯರು ಉದಾರಿಯಾಗಿದ್ದರು ಎಂಬ ಒಂದೇ ಕಾರಣಕ್ಕೆ ಚಿತ್ರ ವಾಪಸು ಬಂತು. ಲಂಡನ್ನಿನ ಹ್ಯಾರಿಂಗೆಯಲ್ಲಿ ಹಾಗಾಗಲಿಲ್ಲ. ಅಗ್ಗದ ಸಾಮಾನಿನ ಅಂಗಡಿಯ ಪಕ್ಕದ ಗೋಡೆಯಲ್ಲಿ, ಮಂಡಿಯೂರಿ ಬ್ರಿಟಿಷ್ ಬಾವುಟದ ತೋರಣ ಹೊಲಿಯುತ್ತಿದ್ದ ಬಾಲಕನ ಚಿತ್ರ 2013ರಲ್ಲಿ ಮಾಯವಾಗಿ ಮಯಾಮಿಯ ಹರಾಜು ಪಟ್ಟಿಯಲ್ಲಿ ಪ್ರತ್ಯಕ್ಷವಾಯಿತು. ಊರವರು ಬೀದಿಗಿಳಿದಾಗ ಅಲ್ಲಿ ಹಿಂತೆಗೆದರು. ಕೆಲವೇ ತಿಂಗಳಲ್ಲಿ ಲಂಡನ್ನಿನಲ್ಲೇ ಖಾಸಗಿಯಾಗಿ ಏಳೂವರೆ ಲಕ್ಷ ಪೌಂಡಿಗೂ ಹೆಚ್ಚಿಗೆ ಮಾರಾಟವಾಯಿತು.

ಕಲಾವಿದನ ಕಡೆಯಿಂದಲೇ ಇತ್ಯರ್ಥವಾದ ಅಪರೂಪದ ನಿದರ್ಶನ ಬ್ರಿಸ್ಟಲ್‌ನದು. 2014ರಲ್ಲಿ ಹುಡುಗರ ಕ್ಲಬ್ಬೊಂದರ ಹತ್ತಿರದ ಬಾಗಿಲಿನ ಮೇಲೆ, ತಬ್ಬಿಕೊಂಡೇ ಬೆನ್ನ ಹಿಂದೆ ಮೊಬೈಲ್ ನೋಡುತ್ತಿರುವ ಜೋಡಿಯ ಚಿತ್ರ ಬಂತು. ಮುಚ್ಚುವ ಸ್ಥಿತಿಯಲ್ಲಿದ್ದ ಕ್ಲಬ್ಬಿನವರು ಕಿತ್ತು ಒಳಗಿಟ್ಟರು, ನಗರಸಭೆ ತಕರಾರು ತೆಗೆಯಿತು. ಆಗ ಬ್ಯಾಂಕ್ಸಿಯೇ ಪತ್ರ ಬರೆದು ಚಿತ್ರ ಕ್ಲಬ್ಬಿಗೆ ಸೇರಲಿ ಎಂದರು. 4,03,000 ಪೌಂಡಿಗೆ ಮಾರಿ ಕ್ಲಬ್ ಉಸಿರಾಡಿತು. ಕೊಯ್ದದ್ದೇ ಇಲ್ಲೂ. ಕೊಯ್ದ ಮೇಲೆ ದುಡ್ಡು ಎತ್ತ ಹೋಯಿತು ಎಂಬುದರಲ್ಲಿ ವ್ಯತ್ಯಾಸ.

ಇದೆಲ್ಲ ಬ್ಯಾಂಕ್ಸಿಯಿಂದ ಶುರುವಾದದ್ದೆಂದು ತಿಳಿಯಬೇಕಾಗಿಲ್ಲ. ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣಗಳಲ್ಲಿ, ಖಾಲಿ ಜಾಹೀರಾತು ಚೌಕಟ್ಟಿನ ಕರಿಯ ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆಯುತ್ತಿದ್ದ ಕೀತ್ ಹೇರಿಂಗ್, 1985ರ ಹೊತ್ತಿಗೆ ಅದನ್ನು ನಿಲ್ಲಿಸಿದರು. ಬರೆದ ಬೆನ್ನಿಗೇ ಜನ ಕಿತ್ತೊಯ್ದು ಮಾರತೊಡಗಿದ್ದು ಒಂದು ಕಾರಣ. ಅವರ ವ್ಯಾಪಾರಿ ಟೋನಿ ಶಾಫ್ರಾಝಿಯ ಪೂರ್ವಾಶ್ರಮ ಇನ್ನೂ ಸ್ವಾರಸ್ಯದ್ದು. 1974ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಪಿಕಾಸೊನ 'ಗೆರ್ನಿಕಾ' ಮೇಲೆ ಕೆಂಪು ಸ್ಪ್ರೇ ಬಣ್ಣದಲ್ಲಿ ಬರೆದು ಸಿಕ್ಕಿಬಿದ್ದವರು ಇವರೇ. ಎಂಟು ವರ್ಷಗಳ ನಂತರ, ಸ್ಪ್ರೇ ಹಿಡಿದ ತಲೆಮಾರಿಗೆ ಗ್ಯಾಲರಿಯ ಬಾಗಿಲು ತೆರೆದವರಲ್ಲಿ ಪ್ರಮುಖರಾದರು.

ಇನ್ನು ಲಾಝಾರಿಡಿಸ್. ಬ್ಯಾಂಕ್ಸಿ ಜೊತೆ ಬಿಟ್ಟ ಮೇಲೂ ಅವರು ನಿಲ್ಲಲಿಲ್ಲ. ಲಂಡನ್ನಿನ ವಾಟರ್ಲೂ ನಿಲ್ದಾಣದಡಿಯ ಹಳೆಯ ಸುರಂಗಗಳಲ್ಲಿ 2010ರಿಂದ ನರಕ, ಚಕ್ರವ್ಯೂಹ, ಹುಚ್ಚಾಸ್ಪತ್ರೆ ಎಂದು ವರ್ಷಕ್ಕೊಂದು ದೊಡ್ಡ ಪ್ರದರ್ಶನ ಕಟ್ಟಿದರು. ಫ್ರಾನ್ಸಿನ ಜೆಆರ್, ಗೋಡೆಯ ಗಾರೆಯನ್ನೇ ಕೆತ್ತಿ ಮುಖ ಮೂಡಿಸುವ ಪೋರ್ಚುಗಲ್ಲಿನ ವಿಲ್ಸ್ ಇಂಥವರನ್ನು ಲಂಡನ್ನಿನ ಕೊಳ್ಳುಗರಿಗೆ ಪರಿಚಯಿಸಿದರು. 2014ರಲ್ಲಿ ಸೋಥೆಬಿಸ್‌ನಲ್ಲಿ ಬ್ಯಾಂಕ್ಸಿಯ ಹಳೆಯ ಕೃತಿಗಳ ಪ್ರದರ್ಶನ ನಡೆಸಿದಾಗ ಕಲಾವಿದನ ಒಪ್ಪಿಗೆ ಇಲ್ಲವೆಂಬುದನ್ನು ಶೀರ್ಷಿಕೆಯಲ್ಲೇ ಹೇಳಿಕೊಂಡರು. ಅಂದರೆ ಮೊದಲ ದಾರಿಯಲ್ಲಿ ನಡೆದವರೂ ಕಲಾವಿದನಿಲ್ಲದೆ ಮಾರುವ ಹಂತಕ್ಕೆ ಬಂದಿದ್ದರು. ಗೋಡೆ ಕೊಯ್ಯಲಿಲ್ಲ ಎಂಬುದು ನಿಜ. 2019ರಲ್ಲಿ ಗ್ಯಾಲರಿ ಲೋಕ ಸಾಕೆಂದು ಹೊರಬಂದು ತಮ್ಮ ಫೋಟೊಗಳ ಪುಸ್ತಕ ಪ್ರಕಟಿಸಿದರು. 2024ರಲ್ಲಿ ಲಾಸ್ ಏಂಜಲೀಸಿನ ಜೂಲಿಯನ್ಸ್ ಹರಾಜಿನಲ್ಲಿ ತಮ್ಮ ಬಳಿ ಉಳಿದಿದ್ದ ಬ್ಯಾಂಕ್ಸಿ ಸಂಗ್ರಹವನ್ನು ಮಾರಿದರು. ಒಟ್ಟು ಹತ್ತು ಲಕ್ಷ ಡಾಲರ್ ದಾಟಿತು. ಕತ್ತರಿಸಿದ ಸ್ಟೆನ್ಸಿಲ್‌ಗಳಿದ್ದವು, ಪರೀಕ್ಷೆಗೆ ತೆಗೆದ ಪ್ರಿಂಟುಗಳಿದ್ದವು. ಜೊತೆಗೆ ಇಬ್ಬರೂ ಗುಟ್ಟಾಗಿ ಮಾತಾಡಲು ಬಳಸಿ ಬಿಸಾಡುತ್ತಿದ್ದ ಹಳೆಯ ಮೊಬೈಲ್‌ಗಳೂ ಇದ್ದವು. ಅವುಗಳಲ್ಲಿ ಕಲೆ ಎಲ್ಲಿದೆ? ಆ ಕೈಗೆ ಹತ್ತಿರವಿದ್ದವು ಎಂಬ ಭರವಸೆ ಇದೆ. ಅದಕ್ಕೂ ಕೊಳ್ಳುವವರು ಸಿಕ್ಕರು.

ಈ ಮಾರುಕಟ್ಟೆಗೆ ಮುಜುಗರ ಉಂಟುಮಾಡುವುದು ಒಂದೇ, ಗೋಡೆ ಬೇಡವೆನ್ನುವ ಒಡೆಯ. 2025ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ನ್ಯಾಯಾಲಯದ ಹೊರಗೋಡೆಯಲ್ಲಿ, ಸುತ್ತಿಗೆ ಎತ್ತಿ ಪ್ರತಿಭಟನಾಕಾರನನ್ನು ಬಡಿಯುವ ನ್ಯಾಯಾಧೀಶ ಕಾಣಿಸಿಕೊಂಡ. ಅಧಿಕಾರಿಗಳು ಮೊದಲು ಮುಚ್ಚಿದರು, ಆಮೇಲೆ ಉಜ್ಜಿ ತೆಗೆದರು. ಕೋಟಿ ಬೆಲೆಯ ವಸ್ತು ಬಕೆಟ್ಟಿನ ನೀರಿನಲ್ಲಿ ಹರಿದು ಹೋಯಿತು. ಉಜ್ಜಿದ ಮೇಲೂ ಮಸುಕಾದ ನೆರಳು ಕಲ್ಲಿನ ಮೇಲೆ ಉಳಿದಿತ್ತು.

ನಮ್ಮಲ್ಲಿ ಈ ವ್ಯಾಪಾರ ಇನ್ನೂ ಹುಟ್ಟಿಲ್ಲ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯುದ್ದಕ್ಕೂ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದೆ; ಅದು ಬೀದಿಯಲ್ಲಿ ಮಾರುವ ಚಿತ್ರ, ಬೀದಿಯ ಚಿತ್ರವಲ್ಲ. ದಲ್ಲಾಳಿಯಿಲ್ಲದೆ ಬರೆದವರೇ ಕೂತು ಮಾರುತ್ತಾರೆ. ಚೌಕಾಸಿ ಮಾತ್ರ ಸೆಂಟ್ರಲ್ ಪಾರ್ಕಿನ ಆ ಅಂಗಡಿಯಂತೆಯೇ. ಗೋಡೆಗಳ ಮೇಲೆ ಬರೆಯುವುದು ಇಲ್ಲಿ ಹೆಚ್ಚಾಗಿ ಪಾಲಿಕೆಯ ಗುತ್ತಿಗೆ, ಅಭಿಮಾನಿ ಸಂಘದ ರಾಜಕುಮಾರ್, ಇಲ್ಲವೇ ಹಬ್ಬದ ಹೆಸರಿನ ಸಂಘಟಿತ ಕೆಲಸ. ಅನುಮತಿಯಿಲ್ಲದೆ ಬರೆದರೆ ತೆರೆದ ಸ್ಥಳಗಳ ವಿರೂಪ ತಡೆಯಲು 1981ರಲ್ಲಿ ಮಾಡಿದ ರಾಜ್ಯದ ಕಾಯಿದೆ ಇದೆ.

ಆದರೂ ಬೀದಿ ಕಲೆ ಎಂದರೆ ಏನೆಂದು ಬೆಂಗಳೂರಿಗೆ ಒಬ್ಬರು ಚೆನ್ನಾಗಿಯೇ ತೋರಿಸಿದ್ದಾರೆ. 2015ರಲ್ಲಿ ಮೈಸೂರಿನ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ, ನೀರು ತುಂಬಿದ ದೊಡ್ಡ ಗುಂಡಿಯೊಂದಕ್ಕೆ ಹಸಿರು ಬಣ್ಣ ಬಳಿದು, ಅದರಲ್ಲಿ ಆಳುದ್ದದ ಕೃತಕ ಮೊಸಳೆಯೊಂದನ್ನು ತಂದು ಬಿಟ್ಟರು. ಜನ ಫೋಟೊ ತೆಗೆದರು, ಪತ್ರಿಕೆಗಳು ಅಚ್ಚು ಹಾಕಿದವು. ಪಾಲಿಕೆಯವರು ಓಡೋಡಿ ಬಂದು ಗುಂಡಿ ಮುಚ್ಚಿದರು. ಅಲ್ಲಿಗೆ ಕೃತಿ ಮುಗಿಯಿತು. ಕೊಯ್ದು ಒಯ್ಯೋಣವೆಂದರೆ ಅಲ್ಲಿ ಗೋಡೆಯೇ ಇರಲಿಲ್ಲ, ಇದ್ದದ್ದು ಬಿಸಿ ಡಾಂಬರು.